ಕಿಟಕಿಗೆ ಬಡಿದ ಶಾಲು

ತಾಯಂದಿರೇ, ಅಣ್ಣಂದಿರೇ, ಸನ್ಮಾನದ ಹುಚ್ಚು ಹಿಡಿದ ಒಬ್ಬ ಸಾಹುಕಾರನ ಕಥೆ ಕೇಳಿ. ಯಾವ ಊರಿನವನು ಎಂದು ಆಮೇಲೆ ಕೇಳಬೇಡಿ, ಅಂಥವನು ಪ್ರತಿ ಊರಲ್ಲೂ ಒಬ್ಬನಿರುತ್ತಾನೆ. ವಾರಕ್ಕೊಬ್ಬರಿಗಾದರೂ ಶಾಲು ಹೊದಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ಊರಿಗೆ ಗಡಿಯಿಂದ ಒಬ್ಬ ಹವಾಲ್ದಾರ ನಿವೃತ್ತನಾಗಿ ಬಂದ. ಸಾಹುಕಾರ ಬಿಡುತ್ತಾನೆಯೇ? ತೆರೆದ ಜೀಪು, ಡೊಳ್ಳು, ಪಟಾಕಿ ಸರ. ಸರ ಸಿಡಿದದ್ದೇ ತಡ, ಹವಾಲ್ದಾರ ಜೀಪಿನಿಂದ ಹಾರಿ ಅದರ ಅಡಿ ಸೇರಿದ. ಪಕ್ಕದಲ್ಲಿದ್ದ ಪಂಚಾಯಿತಿ ಅಧ್ಯಕ್ಷನನ್ನೂ ಕಾಲು ಹಿಡಿದು ಕೆಡವಿ, ತಲೆ ಎತ್ತಬೇಡ ಎಂದು ಗದರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನೋಡಿ, ನೀವೂ ನಕ್ಕಿರಿ. ನಗದೇ ಇದ್ದವಳು ಒಬ್ಬಳೇ, ಅವನ ಹೆಂಡತಿ ನೀಲವ್ವ.

ನೀಲವ್ವನ ಸಂಸಾರ ಹೇಗಿತ್ತು? ಹಾಲು ಹಾಕುವವನು ಎರಡೂ ಕೈ ಮೇಲೆತ್ತಿಕೊಂಡೇ ಅಂಗಳಕ್ಕೆ ಬರಬೇಕು, ಅದು ಹವಾಲ್ದಾರನ ಅಪ್ಪಣೆ. ಪಾಪ, ಕ್ಯಾನು ಯಾವ ಕೈಯಲ್ಲಿ ಹಿಡಿಯಬೇಕು? ಕುಕ್ಕರು ಸೀಟಿ ಹೊಡೆದರೆ ಗಂಡ ಮಂಚದ ಕೆಳಗೆ. ಆಕೆ ಕುಕ್ಕರನ್ನು ಅಟ್ಟಕ್ಕೇರಿಸಿ ಗಡಿಗೆಯಲ್ಲಿ ಬೇಳೆ ಬೇಯಿಸತೊಡಗಿದಳು. ಊರ ಡಾಕ್ಟರು ಶಕ್ತಿಯ ಗುಳಿಗೆ ಕೊಟ್ಟರು. ಓಣಿಯವರು, ಸೈನಿಕನಿಗೆ ಎಂಥ ಅಂಜಿಕೆ ಎಂದರು. ದೃಷ್ಟಿ ತಾಗಿದೆ ಎಂದು ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅವು ಚಟಚಟ ಎಂದವು, ಅವನು ಮತ್ತೆ ಮಂಚದ ಕೆಳಗೆ. ಅವನಿಗೆ ನಿದ್ದೆಯಿಲ್ಲ, ಹಾಗಾಗಿ ಅವಳಿಗೂ ನಿದ್ದೆಯಿಲ್ಲ. ಅವನೊಮ್ಮೆ ನೆಮ್ಮದಿಯಾಗಿ ಮಲಗಲಿ, ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಾಹುಕಾರ ಏನು ಕೊಟ್ಟ? ಶಾಲು ಕೊಟ್ಟ. ಸ್ವಾತಂತ್ರ್ಯೋತ್ಸವಕ್ಕೊಂದು, ಗಣರಾಜ್ಯೋತ್ಸವಕ್ಕೊಂದು, ತಾನು ಹೊಸ ಟ್ರ್ಯಾಕ್ಟರ್ ಕೊಂಡದ್ದಕ್ಕೊಂದು. ಪ್ರತಿ ಶಾಲಿನ ಜೊತೆಗೂ ಪಟಾಕಿ.

ಒಂದು ದಿನ ಮೇಳ ಕಟ್ಟಿಕೊಂಡು ಹವಾಲ್ದಾರನ ಮನೆಗೇ ಬಂದ. ಬಂದು ನೋಡಿದರೆ ಕಿಟಕಿಗಳಿಗೆಲ್ಲ ತನ್ನ ಶಾಲುಗಳನ್ನೇ ಮಡಚಿ ಮೊಳೆ ಹೊಡೆದಿದ್ದಾರೆ. ಅವನ ಮೀಸೆ ಕುಣಿಯಿತು. ಸನ್ಮಾನಕ್ಕೇ ಅವಮಾನವೇ ಎಂದ. ನೀಲವ್ವ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು:

"ನಿಮ್ಮ ಪಟಾಕಿ ಸಪ್ಪಳ ಒಳಗ ಬರಬಾರದಂತ ನಿಮ್ಮ ಶಾಲ್ ಬಡದೀನ್ರಿ ಸಾಹುಕಾರ್ರ. ಶಾಲ್ ಸಾಕು. ಇವರಿಗೆ ಒಂದ್ ನಿದ್ದಿ ಕೊಡಸ್ರಿ."

ಸಾಹುಕಾರ ಮೇಳದ ಕಡೆ ತಿರುಗಿ, ನಿಲ್ಲಿಸಿ ಎಂದು ಕೈ ಬೀಸಿದ. ಅಷ್ಟರಲ್ಲಿ ಹಿಂದೆ ಯಾರೋ ಸರಕ್ಕೆ ಕಡ್ಡಿ ಗೀರಿದ್ದರು. ಬೇಡ ಬೇಡ ಎನ್ನುತ್ತಾ ಓಡಿ ಹೋಗಿ ಅವನೇ ಅದನ್ನು ತುಳಿದ. ಪಟಾಕಿ ಸಾಹುಕಾರನ ಮಾತು ಕೇಳುತ್ತದೆಯೇ? ಧೋತರಕ್ಕೆ ಬೆಂಕಿ ಹತ್ತಿತು. ಹವಾಲ್ದಾರ ನಡುಗುತ್ತಲೇ ಹೊರಬಂದು, ಕಿಟಕಿಯ ಶಾಲು ಕಿತ್ತು ಅವನಿಗೆ ಸುತ್ತಿ ನೆಲದ ಮೇಲೆ ಉರುಳಿಸಿದ. ಊರಿಗೆಲ್ಲ ಶಾಲು ಹೊದಿಸಿದವನಿಗೆ ಯಾರಾದರೂ ಶಾಲು ಹೊದಿಸಿದ್ದು ಅವತ್ತೇ ಮೊದಲು.

ಕಾಲು ಸುಟ್ಟ ಸಾಹುಕಾರನನ್ನೂ ನಡುಕ ನಿಲ್ಲದ ಹವಾಲ್ದಾರನನ್ನೂ ಒಂದೇ ಕಾರಿನಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದರು. ಸುಟ್ಟ ಕಾಲಿಗೆ ಡಾಕ್ಟರು ಓಡಿ ಬಂದರು, ನರ್ಸುಗಳು ಓಡಿ ಬಂದರು. ಮನೋವೈದ್ಯರ ಕೋಣೆಗೆ ಬೀಗ. ಗುರುವಾರ ಬರುತ್ತಾರೆ, ಬಂದರೆ ಬಂದರು ಎಂದ ಜವಾನ. ಸಾಹುಕಾರ ತನ್ನ ಕಾಲಿನ ಪಟ್ಟಿ ನೋಡಿದ, ಆ ಬೀಗ ನೋಡಿದ. ಅವನಿಗೆ ನಾಚಿಕೆಯಾಯಿತು.

ಗುರುವಾರ ಕುಂಟುತ್ತಾ ನೀಲವ್ವನ ಅಂಗಳಕ್ಕೆ ಬಂದ. ಎರಡೂ ಕೈ ಮೇಲೆತ್ತಿ ನಿಂತು ಹೇಳಿದ: "ತಂಗೀ, ಕಾರ್ ತಂದೀನಿ. ಹಾರ್ನ್ ಹೊಡಿಯೂದಿಲ್ಲ."

ಗುರುವಾರದ ಮೇಲೆ ಗುರುವಾರ ಹೋದರು. ಬೀಗ ಕಂಡ ದಿನ ಸಾಹುಕಾರ ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂತುಬಿಟ್ಟ. ಔಷಧ ಹಿಡಿಯಲು ದಿನ ಬೇಕಾಯಿತು. ಕೊನೆಗೊಮ್ಮೆ ಮರಳಿ ಬರುವ ದಾರಿಯಲ್ಲಿ ಹವಾಲ್ದಾರ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದ. ಅವನ ಹೆಗಲಿಗೆ ಒರಗಿ ನೀಲವ್ವನೂ ಗೊರಕೆ ಹೊಡೆದಳು. ಸಾಹುಕಾರ ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಅವರಾಗಿ ಏಳುವವರೆಗೂ ಕೆಮ್ಮದೆ ಕೂತ.

ಈಗ ನಿಮ್ಮ ಕಡೆ ಬರೋಣ. ನಾಳೆ ಈ ಊರಿಗೂ ಸೈನಿಕರು ಬರುತ್ತಾರಂತೆ. ಮಠದ ಮೂಲೆಯಲ್ಲಿ ಪಟಾಕಿ ಸರ ಪೇರಿಸಿದ್ದೀರಿ, ಬರುವಾಗ ಕಂಡೆ. ಅದನ್ನು ಅಂಗಡಿಗೆ ವಾಪಸು ಕೊಡಿ. ಎಷ್ಟು ಮಂದಿಯನ್ನು ಹೊಡೆದೆ ಎಂದು ಚಹಾದಂಗಡಿಯಲ್ಲಿ ಅವರನ್ನು ಕೇಳಬೇಡಿ. ಅವರ ಹೆಂಡತಿ ಬಂದು ನಿದ್ದೆಯಿಲ್ಲ ಎಂದರೆ ಬುದ್ಧಿ ಹೇಳಬೇಡಿ, ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅಲ್ಲಿ ಆ ಕೋಣೆಗೆ ಬೀಗ ಬಿದ್ದಿದ್ದರೆ, ತೆಗೆಯಿರಿ ಎಂದು ಕೇಳಿ. ಅಲ್ಲಿ ಮಾತ್ರ ನಿಮಗೆ ಬೇಕಾದಷ್ಟು ಸಪ್ಪಳ ಮಾಡಿ.