ಬೀರಿ ಕಾಸಿದ ನೀರು

ಹಟ್ಟಿಕೇರಿಯಲ್ಲಿ ನಮ್ಮ ಮನೆಗೂ ಸುಮಿತಾಳ ಗಂಡನ ಮನೆಗೂ ನಡುವೆ ಒಂದು ಬಾವಿ. ಕಾರವಾರದ ಕೊನೆಯ ಬಸ್ಸಿಳಿದು ಆ ದಾರಿಯಲ್ಲೇ ಅವಳ ಮನೆಗೆ ನಡೆದೆ. ರಾಟೆ ಕಿರ್ರ್ ಎಂದಿತು... ಗಾಳಿ. ಗಾಳಿಯೇ. 2007ರಲ್ಲೂ ನಮ್ಮೂರಲ್ಲಿ ದೆವ್ವದೆದುರು ಗಾಳಿಯ ಪರವಾಗಿ ವಾದಿಸಬೇಕಿತ್ತು.

ಸುಮಿತಾ ನನ್ನ ಚಿಕ್ಕಪ್ಪನ ಮಗಳು, ಹಸಿ ಬಾಣಂತಿ. ಗಂಡ ನಿತೇಶ ಬೈತಖೋಲ ಬಂದರಿನಿಂದ ಮೀನಿಗೆಂದು ಟ್ರಾಲರ್ ಹತ್ತಿ ಹೋಗಿದ್ದ. ಅವನ ಮೊದಲ ಹೆಂಡತಿ ಬೀರಿ ಬಾಣಂತನದಲ್ಲೇ ತೀರಿಕೊಂಡವಳು. ಈಗ ಬಚ್ಚಲಿನ ಗೀಸರಿನ ಗುಂಡಿ ಆರಿಸಿದರೂ ನೀರು ತಾನಾಗಿಯೇ ಕಾಯುತ್ತಿತ್ತು.

ಸುಮಿತಾಳ ಅತ್ತೆ ಈರಮ್ಮ ಬಾಗಿಲಲ್ಲೇ ಪಿಸುಗುಟ್ಟಿದಳು. “ಬೀರಿ ಬಂದಾಳೆ ತಮಾ. ಮಿಂದ್ಕಂಡು ಮಗು ಕೇಳ್ತಾಳೆ. ನಾಳೆ ಇವ್ರಿಬ್ರನ್ನ ನಿಮ್ಮನೆಗೆ ಕರ್ಕಂಡು ಹೋಗು.”

ಹಾಗೆ ಕಳಿಸಿದ ಸೊಸೆಯನ್ನು ಮತ್ತೆ ಕರೆಸಿಕೊಂಡದ್ದನ್ನು ನಾನಂತೂ ಕಂಡಿಲ್ಲ.

“ನಾ ಹೋಗೂದಿಲ್ಲ,” ಒಳಗಿನಿಂದ ಸುಮಿತಾ. “ಪುಕ್ಕಟೆ ನೀರು ಕಾಸೂ ದೆವ್ವ ನಿಮ್ಗೆ ಬ್ಯಾಡಾದ್ರೆ ನಂಗಿರ್ಲಿ.”

ಗೀಸರಿನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿದೆ. ಯಾರೂ ಮರೆತು ಸ್ವಿಚ್ ಒತ್ತಿ ನನ್ನನ್ನೂ ದೆವ್ವ ಮಾಡಬಾರದಲ್ಲ. ಟ್ಯಾಂಕಿನ ನೀರೆಲ್ಲ ಬಿಟ್ಟು ತಣ್ಣೀರು ತುಂಬಿಸಿದೆ. ಮುಚ್ಚಳ ಬಿಚ್ಚಿ, ಗುಂಡಿಯ ಮಾತು ಕೇಳಿ ಕರೆಂಟ್ ಬಿಡುವ, ತಡೆಯುವ ರಿಲೇಗೆ ಮೀಟರು ಹಿಡಿದೆ. ಗುಂಡಿ ಆರಿಸಿತ್ತು, ಮೀಟರು ಸುಮ್ಮನಿರಬೇಕಿತ್ತು. ಪೀಂ... ಎಂದು ಒಂದೇ ಸಮ ಅರಚಿತು.

“ಒಳಗಿನ ತುದಿಗಳು ಸುಟ್ಟು ಅಂಟಿಕೊಂಡಿವೆ. ಗುಂಡಿ ಆರಿಸಿದ್ರೂ ಕರೆಂಟ್ ಹರೀತಾ ಇರ್ತದೆ,” ಎಂದು ಅದನ್ನು ಕಿತ್ತು ಈರಮ್ಮನ ಅಂಗೈಗೆ ಹಾಕಿದೆ. “ತಗೊಳಿ ಅತ್ತೆ, ನಿಮ್ಮ ಬೀರಿ.”

ಸುದ್ದಿ ಕೇಳಿದಾಗಲೇ ಅಂದಾಜು ಮಾಡಿ ಕಾರವಾರದಿಂದ ತಂದಿದ್ದ ಹೊಸ ರಿಲೇ ಕೂರಿಸಿ ಮುಗಿಸುವಷ್ಟರಲ್ಲಿ ಊರಿನ ಕರೆಂಟೇ ಹೋಯಿತು. “ಬಂದ್ಮೇಲೆ ಗುಂಡಿ ಒತ್ತಿ, ಸಾಕು,” ಎಂದು ಹೊರಟೆ.

ಬಾವಿಯ ಹತ್ತಿರ ಮತ್ತೆ ಕಿರ್ರ್... ಕೈ ಎದೆಗೆ ಹೋಯಿತು. ಜೇಬಿನಲ್ಲಿ ಫ್ಯೂಸ್. ಮರೆತಿದ್ದೆ. ಬೆಳಿಗ್ಗೆ ಹಾಕಿದರಾಯಿತು ಎಂದು ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಹೋದರೆ ಸುಮಿತಾ ಒದ್ದೆ ಕೂದಲು ಹರವಿ ಕೂತಿದ್ದಳು. ಈರಮ್ಮ ಕೆಂಡಕ್ಕೆ ಧೂಪ ಹಾಕಿ ಹೊಗೆ ಹಿಡಿಯುತ್ತಿದ್ದಳು. ಮುಖದಲ್ಲಿ ನಗು.

“ಭೇಷ್ ಆಯ್ತು ತಮಾ. ಗುಂಡಿ ಒತ್ತಿದ್ಮೇಲೇ ಕಾದದ್ದು. ಇವ್ಳು ಎಲ್ಲಿಗೂ ಹೋಗೂದು ಬ್ಯಾಡ.”

“ಒಲೆ ಹಚ್ಚಿದ್ರಾ?”

“ಒಲೆ ಎಂತಕ್ಕೆ? ಗೀಸರಿಲ್ವಾ?”

ಈರಮ್ಮ ಮಗುವಿನ ಕಡೆ ಎದ್ದಳು. ಸುಮಿತಾ ನನ್ನ ಮುಷ್ಟಿಯಲ್ಲಿದ್ದ ಫ್ಯೂಸ್ ನೋಡಿದಳು. ಆಮೇಲೆ ನನ್ನ ಮುಖ.

“ಬಾಯಿ ಮುಚ್ಕಂಡಿರು ಅಣ್ಣ,” ಎಂದಳು, ಮೆಲ್ಲಗೆ. “ಅವ್ಳು ಕಾಸ್ಲಿ. ನಾ ಮೀಯ್ತೆ. ಮನೆ ಮಾತ್ರ ಬಿಡೂದಿಲ್ಲ.”

ನಾನು ಫಿಸಿಕ್ಸ್ ಓದಿದವನು. ಕಟ್ಟುಕತೆ ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಬೆರಳು ಸುಟ್ಟಿತು.

ಆಮೇಲೆ ಫ್ಯೂಸ್ ಹಾಕಿದೆ.