ಅಡ್ಡ ಬಂದ ತಾಟು

ಬೀದರದ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಔರಾದ ಬಸ್ಸು ಹತ್ತಿದ್ದ ನರ್ಸ್ ರೂತಳಿಗೆ ನಿದ್ದೆ ಕವಿಯುತ್ತಿತ್ತು. ಮುಂದಿನ ಸೀಟಿನಲ್ಲಿ ವಯಸ್ಸಾದ ಮಾಸ್ತರೊಬ್ಬರು ತಮ್ಮ ಹಳೆಯ ವಿದ್ಯಾರ್ಥಿನಿಯೊಡನೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು.

“ನಿಮ್ಮಪ್ಪಂದು ನಿನ್ನೆನೇ ಮಣ್ಣಾಯ್ತು ಸಾಯಿಮಾ. ನಿಮ್ಮೊಳಗ ತಡಾ ಮಾಡಂಗಿಲ್ಲಲ್ಲ.”

“ಗೊತ್ತದರಿ ಸರ್.”

“ನಿನ್ನ ಸಂಶೋಧನಾ ಕೇಂದ್ರದಾಗ ಏನ್ ಕೆಲಸ ನಡದಿತ್ತವ್ವ?”

“ಒಂದು ನ್ಯೂಟ್ರಾನ್ ನಕ್ಷತ್ರದ ಎಕ್ಸ್-ರೇ ನೋಡ್ಲಿಕತ್ತಿದ್ವಿರಿ. ಸತ್ತ ನಕ್ಷತ್ರ. ಅದರ ಸುತ್ತ ಬಿಸಿ ಅನಿಲ ತಾಟಿನಂಗ ಹರಡ್ಯದ.”

“ಕಾಣಸ್ತೇನು?”

“ಈಗಿಲ್ರಿ. ಆ ತಾಟು ಸೊಟ್ಟಾಗ್ಯದ. ತಿರುಗ್ತಾ ಅಡ್ಡ ಬಂದು ನಕ್ಷತ್ರ ಮುಚ್ಚ್ಯದ.”

“ಆಮ್ಯಾಲ?”

“ಮುಂದಿನ ತಿಂಗಳು ಸರೀತದ್ರಿ. ಮತ್ತ ಕಾಣಸ್ತದ.”

ಮಾಸ್ತರು ಅವಳ ಕಡೆ ಹೊರಳಿದರು.

“ಮಣ್ಣಿಗೆ ಒಯ್ಯೂ ಮೊದಲ ಎಲ್ಲರಿಗೂ ಮುಖ ತೋರಿಸಿದ್ರು. ನಿನ್ನ ಪಾಲಿಂದು ಅಂತ ನಾ ಇನ್ನೊಮ್ಮೆ ನೋಡ್ದೆ.”

“ಹ್ಯಾಂಗಿದ್ರು ಸರ್?” ಬಸ್ಸು ಎಷ್ಟಕ್ಕೆ ಮುಟ್ಟುತ್ತದೆ ಎಂದು ಕೇಳುವ ದನಿಯಲ್ಲಿ ಅವಳು ಕೇಳಿದಳು.

“ಗಡ್ಡಕ್ಕ ಹೊಸ ಮೆಹಂದಿ ಇತ್ತು. ಮಗಳು ಈದಿಗೆ ಬರ್ತಾಳ ಅಂತ ಹಚ್ಕೊಂಡಿದ್ರಂತ.”

ಬಸ್ಸು ಔರಾದ ಸ್ಟ್ಯಾಂಡಿಗೆ ಹೊರಳಿತು. ಸಾಯಿಮಾ “ಹೂಂ” ಎಂದು ಎದ್ದಳು. ಮಾಸ್ತರ ಹಿಂದೆ ಇಳಿದು ಹೋದಳು. ಅವಳ ಚೀಲ ಸೀಟಿನಲ್ಲೇ ಉಳಿದಿತ್ತು.