ಎಡಗೈ ಗಂಟು

...ಕಾಪಿ ಆಮೇಲ್ ಕಾಯ್ಸುವಂತೆ, ಮೊದ್ಲು ಕೂತ್ಕೊ ಸಲೋಮಿ. ಪಿರಿಯಾಪಟ್ಣದಿಂದ ರಾವಂದೂರ್ಗಂಟ ಬಸ್ನಲ್ಲಿ ನಿಂತ್ಕೊಂಡೇ ಬಂದಿವ್ನಿ. ಈ ಸುದ್ದೀನ ಫೋನ್ನಲ್ಲಿ ಯೋಳೋಕೆ ಮನಸ್ಸಾಗ್ಲಿಲ್ಲ ಕಣೆ. ನಿನ್ ಮುಖ ನೋಡ್ಕೊಂಡು ಯೋಳ್ಬೇಕಿತ್ತು.

ಪುಟ್ಟಲಕ್ಷ್ಮೀನ ವಗೆಸೊಪ್ಪಿನ ಶೆಡ್ನಿಂದ ಓಡ್ಸಿದ್ರು. ಇವತ್ತು. ಎಲ್ರ ಮುಂದೆ.

ಊಂ, ಅದೇ ಪುಟ್ಟಲಕ್ಷ್ಮಿ. ನಿನ್ ಒಟ್ಟೆ ಮ್ಯಾಲೆ ಒಡ್ದೋಳು. ಯಾಕೆ ಅಂಗೆ ನೋಡ್ತೀಯ? ಕುಸಿ ಆಗ್ಲಿಲ್ವಾ? ಆಗ್ಬೇಕು ಕಣೆ. ಇದಕ್ಕೇ ಅಂತ ಒಂದ್ ವರ್ಸ ಕಾದಿವ್ನಿ ನಾನು.

ನೀನು ಮರ್ತಿರ್ಬೌದು, ಈ ರಾಚಮ್ಮ ಮರೆಯೋಳಲ್ಲ. ಓದ್ವರ್ಸ ನಮ್ ಶೆಡ್ ಯಜಮಾನ್ರು ನಟರಾಜಪ್ನೋರ ವಗೆಸೊಪ್ಪು ಅರಾಜಿಗೋದಾಗ ಏನಾಯ್ತು? ಅದುಮಿ ಕಟ್ಟಿದ್ ಬೇಲ್ ಮೂಟೆ ಬಿಚ್ಚಿದ್ರೆ ಸೊಪ್ಪಿನ ಮಧ್ಯದಿಂದ ಚೀಟಿ ಬಿತ್ತು. ಯೇಸಪ್ಪನ ಪ್ರಾರ್ಥನೆ ಚೀಟಿ, ನಿನ್ ಕೈಬರಹ. ಕೊಳ್ಳೋಕ್ ಬಂದೋರೆಲ್ಲ ನಕ್ಕೂ ನಕ್ಕೂ ಸಾಕಾದ್ರಂತೆ. ಯಜಮಾನ್ರು ಬಂದು, ಸೊಪ್ಪು ವಿಂಗಡ್ಸಕ್ಕೆ ಕರ್ದ್ರೆ ನನ್ ಬೇಲ್ ಒಳ್ಗೇ ಧರ್ಮ ತುಂಬುಸ್ತೀಯಾ ಅಂತ ನಿನ್ನ ಕಳಿಸ್ಬುಟ್ರು. ನೀನೋ, ಟವಲ್ ಕೊಡವಿ, ಮಡಚಿ, ಬತ್ತೀನಿ ಅಂತ ಎಲ್ರಿಗೂ ಯೋಳಿ ಒಂಟೋದೆ. ಅದ್ನ ನೋಡಿ ನಂಗೆ ಮೈಯೆಲ್ಲ ಉರೀತು.

ಆ ಚೀಟಿ ತುರುಕ್ದೋಳು ಪುಟ್ಟಲಕ್ಷ್ಮೀನೇ ಅಂತ ಅವತ್ತೇ ಯೋಳಿದ್ದೆ ನಿಂಗೆ. ಈಗ ಕೇಳು. ಪುಟ್ಟಲಕ್ಷ್ಮಿ ಎಡಚಿ ಅಲ್ವಾ? ಸೊಪ್ಪಿನ ಕಂತೆ ತಲೆಗೆ ಎಲೆ ಸುತ್ತಿ ಗಂಟ್ ಆಕ್ತೀವಲ್ಲ, ಅವ್ಳದು ಎಡಕ್ಕೆ ಸುತ್ಕೊಂಡಿರ್ತದೆ. ಕಣ್ಮುಚ್ಚಿ ಮುಟ್ಟಿದ್ರೂ ಶೆಡ್ನಲ್ಲಿ ಎಲ್ರಿಗೂ ಗೊತ್ತಾಯ್ತದೆ. ನಾನು ಮನೇಲಿ ಎಂಟು ದಿನ ಎಡಗೈಲಿ ಕಟ್ಟಿ ಕಟ್ಟಿ ಕಲ್ತೆ. ಹೊರಗೆ ಚಿನ್ನದಂಥ ಹಳದಿ ಸೊಪ್ಪು, ಒಳಗೆ ಬೆಲೆ ಬಾಳ್ದ ಕರಿ ಸೊಪ್ಪು. ಅಂಥ ಕಂತೆ ಇಪ್ಪತ್ತು ಮಾಡಿ, ಅವ್ಳು ಕೈ ತೊಳ್ಯಕ್ಕೋದಾಗ ಅವ್ಳ ರಾಶಿಗೆ ಸೇರಿಸ್ಬುಟ್ಟೆ.

ಇವತ್ತು ಬೆಳಿಗ್ಗೆ ಅರಾಜಲ್ಲಿ ಬೇಲ್ ಬಿಚ್ಚಿ ನೋಡಿ ಒಬ್ರೂ ರೇಟ್ ಕೂಗ್ಲಿಲ್ವಂತೆ. ಯಜಮಾನ್ರು ಕಂತೆ ತಂದು ಅವ್ಳ ಮಡ್ಲಿಗೇ ಎಸೆದ್ರು. ಮಕ್ಕಳಾಣೆ ನಾನಲ್ಲ ಅಂತ ಗೋಳಾಡಿದ್ಲು. ಯಾರ್ ನಂಬ್ತಾರೆ, ಗಂಟು ಅವ್ಳದೇ. ನನ್ ಮುಖಾನೂ ನೋಡಿದ್ಲು, ರಾಚಕ್ಕ ನೀನಾದ್ರೂ ಯೋಳು ಅಂತ. ನಾನು ಸೊಪ್ಪು ಬುಡಿಸ್ಕೊಂಡು ಕೂತಿದ್ದೆ.

ಎಷ್ಟ್ ತಂಪಾಯ್ತು ಗೊತ್ತಾ ಈ ಜೀವಕ್ಕೆ.

ಏನೇ ಇದು, ಕಣ್ಣೊರೆಸ್ಕೊತಿದ್ದೀಯ? ಅವ್ಳಿಗೋಸ್ಕರನಾ? ಬುಡು ಬುಡು. ಯಜಮಾನ್ರಿಗೆ ಆಗ್ಲೇ ಯೋಳಿವ್ನಿ, ಸಲೋಮೀನ ವಾಪಸ್ ಕರೀರಿ ಅಂತ. ನೋಡಾನ ಅಂದವ್ರೆ. ನೀನ್ ಬಾ. ಮೊದ್ಲಿನಂಗೇ ಇರುವಂತೆ. ಊಟಕ್ ಮುಂಚೆ ತಲೆ ತಗ್ಗಿಸ್ಕೊಂಡು ಪ್ರಾರ್ಥನೆ ಮಾಡ್ಕೊ, ಯಾರೂ ನಗಲ್ಲ. ಸಂಜೆ ಹಿಂದೆ ಬಿದ್ದೋಳ್ ರಾಶೀನ ಕೂತು ಮುಗಿಸ್ಕೊಡ್ತಿದ್ಯಲ್ಲ, ಅದ್ನೂ ಮಾಡುವಂತೆ. ಒಳ್ಳೇದಾಯ್ತು ರಾಚಕ್ಕ ಅಂತ ಒಂದ್ ಮಾತು ಅಂದ್ಬುಡು, ಸಾಕು ನಂಗೆ.

ಅನ್ನಲ್ವಾ?

ಅವ್ಳೇ ಅಂತ ಎಂಗೆ ಗೊತ್ತು ಅಂತಾನಾ? ಇನ್ಯಾರು ಮತ್ತೆ. ನೀನ್ ಬರ್ಕೊಟ್ಟ ಚೀಟೀನ ಅವ್ಳು ತಂದು ಬೇಲ್ಗೆ... ಯಾಕೆ ತಲೆ ಆಡುಸ್ತೀಯ? ಅವ್ಳಿಗೆ ಕೊಟ್ಟಿರ್ಲಿಲ್ವಾ? ಸರಿ, ಬೇರೆ ಯಾರಿಗಾದ್ರೂ ಕೊಟ್ಟಿರ್ತೀಯ, ಅವ್ರಿಂದ ಇಸ್ಕೊಂಡಿರ್ತಾಳೆ. ಎಷ್ಟ್ ಜನಕ್ಕೆ ಬರ್ಕೊಟ್ಟಿದ್ದೆ ನೀನು? ಹತ್ತಾ? ಐದಾ?

ಸಲೋಮಿ... ಒಂದ್ ಬೆರಳು ಯಾಕ್ ಎತ್ತಿದ್ದೀಯ?

ಒಂದೇನಾ?

ನನ್ ಮೊಮ್ಮಗು ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿದ್ದಾಗ... ನಾನೇ ಕೇಳಿದ್ದೆ, ನಿನ್ ದೇವ್ರಿಗೆ ಏನಾದ್ರೂ ಬರ್ದುಕೊಡೇ ಅಂತ. ಅದೊಂದೇನಾ?

ಅಂಗಾರೆ ಮೊದ್ಲ ದಿನದಿಂದ ಗೊತ್ತಿತ್ತು ನಿಂಗೆ. ಟವಲ್ ಮಡಚ್ತಿದ್ದಾಗ್ಲೇ ಗೊತ್ತಿತ್ತು. ಉಗಾದಿಗೆ ನೀನು ಆ ಮಗೀಗೆ ಕೆಂಪು ಲಂಗ ಕಳ್ಸಿದ್ದೆ, ಗೊತ್ತಿದ್ದೂ ಕಳ್ಸಿದ್ದಾ?

ಅಂಗ್ ನೋಡ್ಬೇಡ. ಹದ್ನೆಂಟು ವರ್ಸ ಆ ಸೊಪ್ಪಿನ ಧೂಳು ಕುಡ್ದೋಳು ನಾನು. ಮೇಸ್ತ್ರಿ ಮಾಡಿದ್ದು ಯಾರ್ನ? ನಿನ್ನೆ ಮೊನ್ನೆ ಬಂದ ನಿನ್ನ. ಊಟಕ್ ಕೂತ್ರೆ ಎಲ್ರೂ ನಿನ್ ಸುತ್ತ, ನನ್ ಬುತ್ತಿ ಪಕ್ಕ ಒಬ್ಳೂ ಬರಾಕಿಲ್ಲ. ಒಟ್ಟೆ ಉರೀತು. ಒಂದ್ ಚೀಟಿ ತಾನೆ, ಬೇಲ್ಗೆ ಸೇರಿಸ್ತೀನಿ, ಬೈಸ್ಕೊಳ್ಲಿ ಅಂದ್ಕೊಂಡೆ. ಓಡಿಸ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಆಮೇಲೆ ಯಾರ್ದಾದ್ರೂ ಹೆಸ್ರು ಬೇಕಾಗಿತ್ತು, ಪುಟ್ಟಲಕ್ಷ್ಮಿ ಅಂದೆ. ಅಂದೂ ಅಂದೂ ನಂಗೇ ನಿಜ ಅನ್ಸೋಯ್ತು ಕಣೆ.

ಬೈಯೇ ನನ್ನ. ಬರಾಕಿಲ್ವಾ ಬೈಯಕ್ಕೆ? ಒಂದೇಟು ಒಡಿ, ನಾನ್ ಮನೆಗೋಯ್ತೀನಿ.

ಎಲ್ಲಿಗ್ ಎದ್ದೆ? ಕದ ಯಾಕ್ ತೆಗೀತಿದ್ದೀಯ... ನನ್ ಚೀಲ ಯಾಕ್ ಎತ್ಕೊಂಡೆ? ಪಿರಿಯಾಪಟ್ಣದ ಬಸ್ಸಿಗಾ? ಪುಟ್ಟಲಕ್ಷ್ಮಿ ಮನೆಗಾ? ಬ್ಯಾಡ ಕಣೆ, ನಾನ್ ಬರಾಕಿಲ್ಲ. ಅವ್ಳು ಮಕ್ಕಳಾಣೆ ಇಟ್ಟಿದ್ಲು ಸಲೋಮಿ, ನನ್ ಮುಖ ನೋಡ್ಕೊಂಡು ಇಟ್ಟಿದ್ಲು.

...ಬಿಸ್ಲಲ್ಲಿ ಎಷ್ಟೊತ್ತು ಅಂಗೇ ನಿಂತಿರ್ತೀಯ?

ಇರು. ಚಪ್ಪಲಿ ಆಕ್ಕೊತೀನಿ.